ಎಪ್ಪತ್ತು ವರ್ಷ ಹೆಸರಿಗಷ್ಟೇ ಇದ್ದ ‘ಲಾರ್ಡ್ ಲಯನ್’: 1867ರ ಸುಧಾರಣೆಯ ಪ್ರಕರಣ ಅಧ್ಯಯನ

1866ರ ಫೆಬ್ರವರಿಯಲ್ಲಿ ಕಿನ್ನೂಲ್‌ನ 11ನೇ ಅರ್ಲ್ ಥಾಮಸ್ ರಾಬರ್ಟ್ ಹೇ-ಡ್ರಮಂಡ್ ತೀರಿಕೊಂಡರು. ಪರ್ತ್‌ಶೈರ್ ಸೀಮೆಯ ದೊಡ್ಡ ಜಮೀನ್ದಾರರು, ತುಂಬು ವಯಸ್ಸು. ಅವರ ಸಾವಿನಿಂದ ಸ್ಕಾಟ್ಲೆಂಡಿನ ಬಹಳ ಹಳೆಯ ಸರ್ಕಾರಿ ಹುದ್ದೆಯೊಂದು ತೆರವಾಯಿತು. ‘ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್’ ಎಂಬ ಆ ಹುದ್ದೆ ಸ್ಕಾಟ್ಲೆಂಡಿನ ಎಲ್ಲ ವ್ಯಕ್ತಿ, ಪಟ್ಟಣ, ಸಂಸ್ಥೆಗಳ ಲಾಂಛನಗಳ (ಗುರಾಣಿಯ ಮೇಲೆ ಬರೆಯುವ ಗುರುತುಗಳ) ಮೇಲೆ ಅಧಿಕಾರ ಇರುವಂಥದ್ದು. ಅರ್ಲ್ ಸಾಹೇಬರು ಅದನ್ನು 1804ರಿಂದ ಹಿಡಿದಿದ್ದರು. ಅಂದರೆ 62 ವರ್ಷ. ಅದಕ್ಕೂ ಹಿಂದೆ 1796ರಿಂದ ಅವರ ತಂದೆ, 10ನೇ ಅರ್ಲ್, ಅದೇ ಹುದ್ದೆಯಲ್ಲಿದ್ದರು. ಒಟ್ಟು 70 ವರ್ಷ ಒಂದೇ ಮನೆಯಲ್ಲಿ ಉಳಿದ ಪದವಿ ಅದು. ಪದವಿ ಅಪ್ಪ ಮಗನ ಕೈಯಲ್ಲಿತ್ತು, ದಿನನಿತ್ಯದ ಕೆಲಸವನ್ನು ಮಾತ್ರ ಬೇರೆಯವರು ಮಾಡುತ್ತಿದ್ದರು.

ಹಾಗೆ ತೆರವಾದ ಕುರ್ಚಿಯ ಮುಂದೆ ಎರಡು ದಾರಿ ಇದ್ದವು. ಇನ್ನೊಬ್ಬ ಕುಲೀನರನ್ನು ಕೂರಿಸಿ ಹಳೆಯ ಪದ್ಧತಿಯನ್ನೇ ಮುಂದುವರಿಸುವುದು ಒಂದು. ಹುದ್ದೆ ಇದ್ದದ್ದಾದರೂ ಯಾವ ಕೆಲಸಕ್ಕೆ ಎಂದು ಕೇಳಿಕೊಂಡು ಆ ಕೆಲಸಕ್ಕೆ ತಕ್ಕಂತೆ ಕಚೇರಿಯನ್ನು ಮತ್ತೆ ಕಟ್ಟುವುದು ಇನ್ನೊಂದು. ಬ್ರಿಟಿಷ್ ಸಂಸತ್ತು ಎರಡನೆಯದನ್ನು ಆರಿಸಿಕೊಂಡಿತು. ಮರುವರ್ಷ ಬಂದ ‘ಲಯನ್ ಕಿಂಗ್ ಆಫ್ ಆರ್ಮ್ಸ್ ಕಾಯ್ದೆ, 1867’ ಅದರ ಫಲ. ಆಡಳಿತದ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಇದಕ್ಕಿಂತ ಚೊಕ್ಕವಾದ ಪ್ರಕರಣ ಸಿಗುವುದು ಕಷ್ಟ. ಕಚೇರಿ ಸೊರಗಿದ್ದು ಯಾವುದರಿಂದ, ಚೇತರಿಸಿಕೊಂಡಿದ್ದು ಯಾವುದರಿಂದ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಉತ್ತರ ದುಡ್ಡಿನ ದಾರಿಯಲ್ಲಿದೆ: ಜನ ಕಟ್ಟಿದ ಶುಲ್ಕ ಯಾರ ಜೇಬಿಗೆ ಹೋಗುತ್ತಿತ್ತು, ಆಮೇಲೆ ಯಾರ ಬೊಕ್ಕಸಕ್ಕೆ ಹೋಯಿತು ಎಂಬುದರಲ್ಲಿ.

ಹುದ್ದೆಯ ಬೇರು

ಸ್ಕಾಟ್ಲೆಂಡಿನ ಅರಸರ ಗುರಾಣಿಯ ಮೇಲೆ ಹೊನ್ನಿನ ಬಣ್ಣದ ಹಿನ್ನೆಲೆಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತ ಕೆಂಪು ಸಿಂಹ ಇದೆ. ‘ಲಯನ್’ ಎಂಬ ಹೆಸರು ಬಂದದ್ದು ಆ ಸಿಂಹದಿಂದ. 14ನೇ ಶತಮಾನದ ಕೊನೆಯ ಹೊತ್ತಿಗೆ ಆ ಹೆಸರಿನ ಅಧಿಕಾರಿ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಅರಸನ ಮಾತನ್ನು ಹೊತ್ತೊಯ್ಯುವವನು, ಸಂಧಾನಕ್ಕೆ ಹೋಗುವವನು, ಪಟ್ಟಾಭಿಷೇಕದಂಥ ರಾಜ್ಯಸಮಾರಂಭಗಳನ್ನು ನಡೆಸುವವನು, ಯಾವ ಗುರಾಣಿ ಯಾರದ್ದೆಂದು ಬಲ್ಲವನು, ಹೀಗೆ ಹಲವು ಕೆಲಸ ಒಬ್ಬನಲ್ಲೇ ಸೇರಿದ್ದವು. ಅವನ ಮೈ ಮುಟ್ಟುವುದೆಂದರೆ ಅರಸನ ಮೈ ಮುಟ್ಟಿದಂತೆ. 16ನೇ ಶತಮಾನದ ಆರಂಭದಲ್ಲಿ ಲಾರ್ಡ್ ಡ್ರಮಂಡ್ ಎಂಬ ಹಿರಿಯ ಸರದಾರ ಸಿಟ್ಟಿನಲ್ಲಿ ಆಗಿನ ಲಯನ್ ವಿಲಿಯಂ ಕಮಿಂಗ್‌ಗೆ ಹೊಡೆದುಬಿಟ್ಟ. ಆ ಒಂದೇಟಿಗೆ ಸರದಾರ ಸೆರೆಮನೆ ಸೇರಿದ, 1515ರಲ್ಲಿ ಅವನ ಆಸ್ತಿ ಮುಟ್ಟುಗೋಲಾಯಿತು. ಆಮೇಲೆ ಕ್ಷಮೆ ಸಿಕ್ಕಿ ಆಸ್ತಿ ಮರಳಿ ಬಂದರೂ ಹುದ್ದೆಯ ತೂಕ ಎಷ್ಟಿತ್ತೆಂದು ನಾಡಿಗೆಲ್ಲ ಗೊತ್ತಾಗಿತ್ತು.

ಪದವಿಗೆ ತಕ್ಕ ವ್ಯಕ್ತಿಗಳೂ ಬಂದರು. ಕವಿ ಸರ್ ಡೇವಿಡ್ ಲಿಂಡ್ಸೇ ಲಯನ್ ಆಗಿದ್ದಾಗ, 1542ರ ಸುಮಾರಿಗೆ, ಸ್ಕಾಟ್ಲೆಂಡಿನ ಕುಲೀನರ ಗುರಾಣಿಗಳನ್ನು ಬಣ್ಣದಲ್ಲಿ ಬರೆದಿರಿಸಿದ ಹಸ್ತಪ್ರತಿ ಸಿದ್ಧವಾಯಿತು. ಅದು ಇಂದಿಗೂ ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅಪಾಯವೂ ಕಮ್ಮಿ ಇರಲಿಲ್ಲ. ಲಿಂಡ್ಸೇ ನಂತರದ ಪೀಳಿಗೆಯಲ್ಲಿ ಲಯನ್ ಆಗಿದ್ದ ವಿಲಿಯಂ ಸ್ಟೀವರ್ಟ್‌ನನ್ನು ರಾಜಪ್ರತಿನಿಧಿಯ ವಿರುದ್ಧ ಒಳಸಂಚು ಮತ್ತು ಮಾಟಮಂತ್ರದ ಆರೋಪ ಹೊರಿಸಿ 1569ರಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಮರಣದಂಡನೆಗೆ ಗುರಿಮಾಡಿದರು.

ಇಷ್ಟಾದರೂ ಮೆರವಣಿಗೆ, ಪೋಷಾಕುಗಳಿಂದ ಈ ಹುದ್ದೆ ಉಳಿಯಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಉಳಿದದ್ದು ಎರಡು ಕಾಯ್ದೆಗಳ ಬಲದಿಂದ, ಒಂದು ದಾಖಲೆ ಪುಸ್ತಕದ ಬಲದಿಂದ.

ಮೊದಲನೆಯದು 1592ರ ಕಾಯ್ದೆ. ನಾಡೆಲ್ಲ ತಿರುಗಿ ಯಾರು ಯಾವ ಲಾಂಛನ ಹಾಕಿಕೊಂಡಿದ್ದಾರೆಂದು ಪರಿಶೀಲಿಸುವ ಅಧಿಕಾರವನ್ನು ಅದು ಲಯನ್‌ಗೆ ಕೊಟ್ಟಿತು. ಒಂದೇ ಗುರಾಣಿಯನ್ನು ಇಬ್ಬರು ಹಾಕಿಕೊಂಡಿದ್ದರೆ ಗುರುತಿನ ವ್ಯತ್ಯಾಸ ಹಾಕಿ ಬೇರ್ಪಡಿಸಬೇಕು. ಹಕ್ಕಿಲ್ಲದವರು ಹಾಕಿಕೊಂಡಿದ್ದರೆ ತಡೆಯಬೇಕು. ತಡೆದರೂ ಕೇಳದವರಿಗೆ 100 ಪೌಂಡ್ ದಂಡ. ಆ ಲಾಂಛನ ಕೆತ್ತಿದ ಬೆಳ್ಳಿ ತಟ್ಟೆಯೋ ಪೆಟ್ಟಿಗೆಯೋ ಏನೇ ಇದ್ದರೂ ಅದು ಅರಸನ ವಶಕ್ಕೆ. ದಂಡ ಕಟ್ಟದಿದ್ದರೆ ಹತ್ತಿರದ ಸೆರೆಮನೆ. ಇಲ್ಲಿ ಹೇಳುತ್ತಿರುವುದು ಸ್ಕಾಟಿಷ್ ಪೌಂಡ್. ಮುಂದಿನ ಶತಮಾನದಲ್ಲಿ ಹನ್ನೆರಡು ಸ್ಕಾಟಿಷ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್ ಎಂಬ ಲೆಕ್ಕ ನಿಂತಿತು.

ಎರಡನೆಯದು 1672ರದ್ದು, ನನಗೆ ಇದೇ ಮುಖ್ಯವಾಗಿ ಕಾಣುತ್ತದೆ. ಆಗ ಲಯನ್ ಆಗಿದ್ದವರು ಕ್ಯಾಂಬೋದ ಸರ್ ಚಾರ್ಲ್ಸ್ ಅರ್ಸ್ಕಿನ್. ಲಾಂಛನ ಬಳಸುವ ಪ್ರತಿಯೊಬ್ಬರೂ ತಾವು ಬಳಸುತ್ತಿರುವುದು ಏನು, ತಾವು ಯಾವ ಕುಲದವರು, ಆ ಕುಲದ ಯಾವ ಕವಲಿನವರು ಎಂಬುದನ್ನು ವರ್ಷದ ಮೇಲೆ ಒಂದು ದಿನದೊಳಗೆ ಲಯನ್ ಕಚೇರಿಗೆ ತಿಳಿಸಬೇಕು, ಮಾನವಂತರಿಂದ ಪ್ರಮಾಣಪತ್ರವನ್ನೂ ಒದಗಿಸಬೇಕು ಎಂದು ಸಂಸತ್ತು ವಿಧಿಸಿತು. ಶುಲ್ಕವನ್ನೂ ಕಾಯ್ದೆಯಲ್ಲೇ ಬರೆದರು: ಬಿಷಪ್ಪರು ಮತ್ತು ಕುಲೀನರಿಗೆ 20 ಮರ್ಕ್ (ಆಗಿನ ಸ್ಕಾಟಿಷ್ ಹಣ), ನೈಟ್ ಮತ್ತು ಬ್ಯಾರನ್‌ಗಳಿಗೆ 10, ಉಳಿದವರಿಗೆ 5. ಹೀಗೆ ಬಂದ ವಿವರಗಳನ್ನೆಲ್ಲ ದಾಖಲಿಸುವ ಸಾರ್ವಜನಿಕ ಪುಸ್ತಕವೇ ನಾಡಿನ ಲಾಂಛನಗಳ ವಿಷಯದಲ್ಲಿ ಅಂತಿಮ ಪ್ರಮಾಣ ಎಂದೂ ಸಾರಿದರು. ಆ ಪುಸ್ತಕ ಇವತ್ತಿಗೂ ನಿಂತಿಲ್ಲ. ಸಂಪುಟದ ಮೇಲೆ ಸಂಪುಟವಾಗಿ ಬೆಳೆಯುತ್ತಲೇ ಇದೆ.

ನಮ್ಮವರಿಗೆ ಇದನ್ನು ಪಹಣಿ, ಖಾತೆಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ‘ಮನೆತನದ ಲಾಂಛನ’ ಎಂಬುದೇ ಇಲ್ಲ. ಒಂದು ಗುರಾಣಿ ಒಂದು ಕಾಲಕ್ಕೆ ಒಬ್ಬರ ಹೆಸರಿನಲ್ಲಿ ಮಾತ್ರ ಇರುತ್ತದೆ. ಅವರ ನಂತರ ವಾರಸುದಾರರಿಗೆ ಬರುತ್ತದೆ. ಎರಡನೆಯ ಮಗ, ಮೂರನೆಯ ಮಗ ಅದನ್ನೇ ಹಾಕಿಕೊಳ್ಳುವ ಹಾಗಿಲ್ಲ. ಲಯನ್ ಕಚೇರಿಗೆ ಅರ್ಜಿ ಹಾಕಿ, ವಂಶಾವಳಿ ತೋರಿಸಿ, ಅಂಚಿಗೊಂದು ಬಣ್ಣದ ಪಟ್ಟಿಯೋ ಇನ್ನೇನೋ ಗುರುತೋ ಸೇರಿಸಿಕೊಂಡು ತಮ್ಮ ಹೆಸರಿಗೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಖಾತೆ ಬದಲಾವಣೆಗೆ ಹೇಗೆ ಮೂಲ ಪತ್ರ ಬೇಕೋ ಹಾಗೆಯೇ ಇಲ್ಲಿಯೂ ಜನನ, ಮದುವೆ, ಸಾವಿನ ದಾಖಲೆಗಳ ಸರಪಳಿ ಬೇಕು. ಕುಲದ ಸಾಮಾನ್ಯ ಸದಸ್ಯರಿಗೆ ಇರುವ ಹಕ್ಕು ಇಷ್ಟೆ: ತಮ್ಮ ಕುಲದ ಮುಖ್ಯಸ್ಥನ ಮುಡಿಚಿಹ್ನೆಯನ್ನು (ಲಾಂಛನದಲ್ಲಿ ಗುರಾಣಿಯ ಮೇಲುಗಡೆ, ಶಿರಸ್ತ್ರಾಣದ ಮೇಲೆ ಬರುವ ಗುರುತನ್ನು) ಬಕಲ್ ಹಾಕಿದ ಬೆಲ್ಟಿನ ಆಕಾರದೊಳಗೆ ಬಿಲ್ಲೆಯಾಗಿ ಧರಿಸಬಹುದು. ಟೋಪಿಗೆ ಸಿಕ್ಕಿಸಿದ ಆ ಬಿಲ್ಲೆ ‘ನಾನು ಈ ಮುಖ್ಯಸ್ಥನ ಕಡೆಯವನು’ ಎಂದು ಹೇಳುತ್ತದೆ, ‘ಈ ಲಾಂಛನ ನನ್ನದು’ ಎಂದು ಹೇಳುವುದಿಲ್ಲ.

1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದಾದಾಗಲೂ ಈ ಕಚೇರಿ ಕರಗಲಿಲ್ಲ. ಒಕ್ಕೂಟ ಒಪ್ಪಂದದ 24ನೇ ವಿಧಿಯಲ್ಲಿ ಲಯನ್‌ನ ಹೆಸರು ಬರುತ್ತದೆ. ಅವನ ಸ್ಥಾನಮಾನ ಏನಿರಬೇಕೆಂಬುದನ್ನು ರಾಣಿಯ ತೀರ್ಮಾನಕ್ಕೆ ಬಿಟ್ಟಿದ್ದರು. ನಾಡಿನ ಸಂಸತ್ತೇ ಹೋದ ಮೇಲೂ ಅದೇ ಸಂಸತ್ತು ಮಾಡಿದ ಲಾಂಛನ ಕಾನೂನು ಜಾರಿಯಲ್ಲಿ ಉಳಿಯಿತು. ಸ್ಕಾಟ್ಲೆಂಡಿನ ಜನ ಈ ಕಚೇರಿಯ ಬಗ್ಗೆ ಇಟ್ಟುಕೊಂಡಿರುವ ಅಭಿಮಾನದ ಒಂದು ಕಾರಣ ಇದೂ ಇರಬೇಕು.

ಸೊರಗಿದ ಬಗೆ

18ನೇ ಶತಮಾನದಲ್ಲಿ ಹುದ್ದೆ ಬೇರೆ ದಾರಿ ಹಿಡಿಯಿತು. 1727ರಲ್ಲಿ ಲಯನ್ ಆದ ಅಲೆಕ್ಸಾಂಡರ್ ಬ್ರೋಡಿ ಸಂಸತ್ ಸದಸ್ಯ, ರಾಜಕಾರಣಿ. ಅವರ ನಂತರ ಜಾನ್ ಕ್ಯಾಂಪ್‌ಬೆಲ್ 1795ರವರೆಗೆ ಇದ್ದರು. ಲಂಡನ್ನಿನ ಸರ್ಕಾರಕ್ಕೆ ನಿಷ್ಠರಾದವರಿಗೆ ಕೊಡುವ ಬಹುಮಾನಗಳ ಪಟ್ಟಿಗೆ ಇದೂ ಸೇರಿಹೋಗಿತ್ತು. ಗುರಾಣಿಯ ವಿದ್ಯೆ ಗೊತ್ತಿರಬೇಕೆಂಬ ನಿಯಮ ಇರಲಿಲ್ಲ, ಕಚೇರಿಗೆ ಬರಬೇಕೆಂಬ ನಿಯಮವೂ ಇರಲಿಲ್ಲ. ಕೆಲಸಕ್ಕೆ ‘ಲಯನ್ ಡೆಪ್ಯುಟ್’ ಎಂಬ ಉಪಾಧಿಕಾರಿ ಇದ್ದ. ಕ್ಯಾಂಪ್‌ಬೆಲ್ ತೀರಿಕೊಂಡು ಕಿನ್ನೂಲ್ ಅರ್ಲ್ ಬರುವವರೆಗಿನ ಸ್ವಲ್ಪ ಕಾಲ ಹುದ್ದೆಯನ್ನು ನೋಡಿಕೊಂಡವರು ಡೆಪ್ಯುಟ್ ರಾಬರ್ಟ್ ಬಾಸ್‌ವೆಲ್. ನಿಜವಾಗಿ ಕೆಲಸ ಬಲ್ಲವರು ಅವರೇ. ಆದರೂ ಕುರ್ಚಿ ಅವರಿಗೆ ದಕ್ಕಲಿಲ್ಲ. 1796ರಲ್ಲಿ ಅದು ಅರ್ಲ್ ಮನೆಗೆ ಹೋಯಿತು.

ಆ ಕಾಲದ ಹಣದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ರೋಗ ಇದ್ದದ್ದು ಅಲ್ಲೇ. ಲಾಂಛನ ಪಡೆಯುವವರು ಕಟ್ಟುವ ಶುಲ್ಕ ಸರ್ಕಾರಕ್ಕೆ ಹೋಗುತ್ತಿರಲಿಲ್ಲ, ಅಧಿಕಾರಿಗಳ ಪಾಲಾಗುತ್ತಿತ್ತು. ಲಯನ್ ಕೈಕೆಳಗೆ ‘ಮೆಸೆಂಜರ್ ಅಟ್ ಆರ್ಮ್ಸ್’ ಎಂಬವರಿದ್ದರು. ಉಚ್ಚ ನ್ಯಾಯಾಲಯದ ಸಮನ್ಸು, ಜಪ್ತಿ ಆದೇಶಗಳನ್ನು ಜಾರಿ ಮಾಡುವ ಅಮೀನರು ಇವರು. ಅವರನ್ನು ನೇಮಿಸುವುದೂ ಶಿಸ್ತಿಗೆ ಒಳಪಡಿಸುವುದೂ ಲಯನ್‌ನ ಕೆಲಸ. ಅವರಿಂದಲೂ ಶುಲ್ಕ ಬರುತ್ತಿತ್ತು. ಇದಲ್ಲದೆ ಲಾಂಛನ, ಸಮಾರಂಭಗಳ ಕೆಲಸಕ್ಕೆ ಲಯನ್ ಕೈಕೆಳಗೆ ಆರು ಹೆರಾಲ್ಡ್‌ಗಳು (ಆಲ್ಬನಿ, ಐಲೇ, ಮಾರ್ಚ್‌ಮಾಂಟ್, ರಾಸ್, ರೊಥ್‌ಸೇ, ಸ್ನೋಡನ್), ಅವರಿಗಿಂತ ಕಿರಿಯ ದರ್ಜೆಯ ಆರು ಪರ್ಸಿವಂಟ್‌ಗಳು (ಬ್ಯೂಟ್, ಕ್ಯಾರಿಕ್, ಡಿಂಗ್‌ವಾಲ್, ಕಿಂಟೈರ್, ಆರ್ಮಂಡ್, ಯೂನಿಕಾರ್ನ್). ಹೆಸರುಗಳಲ್ಲಿ ರಾಜ್ಯದ ಹಳೆಯ ಭೂಗೋಳವೇ ಅಡಗಿದೆ. ಕೈತುಂಬ ಕೆಲಸ ಮಾತ್ರ ಇವರಲ್ಲಿ ಎಷ್ಟೋ ಮಂದಿಗೆ ಇರಲಿಲ್ಲ.

ಈಗ ಡೆಪ್ಯುಟ್‌ನ ಸ್ಥಿತಿ ಯೋಚಿಸಿ. ಅವನು ನ್ಯಾಯಾಧೀಶನ ಸ್ಥಾನದಲ್ಲಿ ಕೂತು ‘ನಿನಗೆ ಈ ಗುರಾಣಿಯ ಹಕ್ಕಿದೆ’ ಅಥವಾ ‘ಇಲ್ಲ’ ಎಂದು ತೀರ್ಪು ಕೊಡಬೇಕು. ಹಕ್ಕಿದೆ ಎಂದರೆ ಶುಲ್ಕ ಬರುತ್ತದೆ, ಇಲ್ಲ ಎಂದರೆ ಬರುವುದಿಲ್ಲ. ಗುರಾಣಿಯ ಎರಡೂ ಪಕ್ಕ ನಿಂತು ಅದನ್ನು ಹಿಡಿದಿರುವ ಆಕೃತಿಗಳನ್ನೇ ನೋಡಿ. ಸ್ಕಾಟ್ಲೆಂಡಿನಲ್ಲಿ ಅವು ಕುಲೀನರು, ಕುಲದ ಮುಖ್ಯಸ್ಥರು, ಹಳೆಯ ಬ್ಯಾರನ್ ಮನೆತನಗಳು ಮುಂತಾದ ಕೆಲವರಿಗಷ್ಟೇ ಸಲ್ಲುವ ಗೌರವ. ಅವನ್ನು ಬಯಸಿ ಬರುವ ಶ್ರೀಮಂತನಿಗೆ ‘ಆಗುವುದಿಲ್ಲ’ ಎನ್ನಬೇಕಾದವನ ಸಂಪಾದನೆ ಅದೇ ಶ್ರೀಮಂತನ ಕೈಯಲ್ಲಿದ್ದರೆ ಆ ‘ಆಗುವುದಿಲ್ಲ’ ಎಷ್ಟು ದಿನ ಗಟ್ಟಿಯಾಗಿ ನಿಂತೀತು? ಒಬ್ಬೊಬ್ಬ ಡೆಪ್ಯುಟ್ ಪ್ರಾಮಾಣಿಕನಿದ್ದಿರಬಹುದು, ಹಾಗಿದ್ದವರೂ ಇದ್ದರು. ಆದರೆ ಒಬ್ಬನ ಪ್ರಾಮಾಣಿಕತೆಯ ಮೇಲೆ ಕಚೇರಿಯನ್ನು ನಿಲ್ಲಿಸಲು ಬರುವುದಿಲ್ಲ.

ಇದೇ ಕಾಲದಲ್ಲಿ ಲಾಂಛನ ಬಯಸುವವರೂ ಹೆಚ್ಚಿದರು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಿಂದ, ಯುದ್ಧದಿಂದ ಹೆಸರು ಗಳಿಸಿದ ಸ್ಕಾಟರು ಬಹಳ ಮಂದಿ. ಇಲ್ಲಿ ನಮ್ಮ ನಾಡಿನ ಹೆಸರೊಂದು ಬರುತ್ತದೆ. ಗ್ಲಾಸ್ಗೋದಲ್ಲಿ ಹುಟ್ಟಿ, ಕೆನರಾದಲ್ಲಿ ಕಲೆಕ್ಟರ್ ಆಗಿದ್ದು, ಕೊನೆಗೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ 1818ರಲ್ಲಿ ಮರಾಠರಿಂದ ಬಾದಾಮಿ ಕೋಟೆಯನ್ನು ಗೆದ್ದರು. 1825ರಲ್ಲಿ ಅವರಿಗೆ ಬ್ಯಾರೊನೆಟ್ ಪದವಿ ಬಂತು. ಮನ್ರೋ ಕುಲದ ಮುಖ್ಯಸ್ಥರಾದ ಫೌಲಿಸ್ ಮನೆಯವರ ಗುರಾಣಿ ತುಂಬ ಸರಳ: ಹೊನ್ನಿನ ಬಣ್ಣದ ಮೇಲೆ ಕೆಂಪು ಹದ್ದಿನ ತಲೆ, ಕತ್ತಿನ ಬುಡ ಹರಿದಂತೆ ಚಿಂದಿಚಿಂದಿ. ಥಾಮಸ್ ಮನ್ರೋರ ಲಿಂಡರ್ಟಿಸ್ ಕವಲಿನ ಗುರಾಣಿಯಲ್ಲೂ ಅದೇ ಹದ್ದಿನ ತಲೆ ಇದೆ, ಆದರೆ ಸುತ್ತ ಲಾರೆಲ್ ಮತ್ತು ಓಕ್ ರೆಂಬೆ. ಮೇಲ್ಭಾಗದ ಅಡ್ಡಪಟ್ಟಿಯಲ್ಲಿ ಒಂದು ಬೆಟ್ಟದ ಕೋಟೆ, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾದಾಮಿ’. ಕುಲ ಯಾವುದೆಂದು ಹದ್ದು ಹೇಳುತ್ತದೆ, ಕವಲು ಯಾವುದೆಂದು ಸುತ್ತಲಿನ ರೆಂಬೆಯೂ ಮೇಲಿನ ಪಟ್ಟಿಯೂ ಹೇಳುತ್ತವೆ. ಬಲ್ಲವರು ಒಮ್ಮೆ ನೋಡಿದರೆ ಸಾಕು, ವಂಶಾವಳಿಯನ್ನೇ ಓದಿದ ಹಾಗೆ. ಚಿತ್ರದ ಅಂದ ಇಲ್ಲಿ ಎರಡನೆಯ ಮಾತು. ಆ ಗುರಾಣಿ ನಿಜ ಹೇಳುತ್ತಿರಬೇಕು ಎಂಬುದು ಮೊದಲನೆಯದು. ಗೆದ್ದವರ ಗುರಾಣಿಯ ಮೇಲೆ ನಮ್ಮ ಚಾಲುಕ್ಯರ ಊರಿನ ಹೆಸರು ಕಂಡಾಗ ಕನ್ನಡಿಗರ ಮನಸ್ಸಿಗೆ ಏನನಿಸುತ್ತದೆ ಎಂಬುದು ಬೇರೆಯೇ ಚರ್ಚೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹೊರನೋಟಕ್ಕೆ ಮಾತ್ರ ಈ ಕಾಲದಲ್ಲಿ ಲಯನ್ ಪದವಿ ಬಹಳ ಭರ್ಜರಿಯಾಗಿ ಕಾಣುತ್ತಿತ್ತು. 1822ರ ಆಗಸ್ಟಿನಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದರು. ಆಳುವ ದೊರೆಯೊಬ್ಬರು ಸ್ಕಾಟ್ಲೆಂಡಿಗೆ ಕಾಲಿಟ್ಟು ಹೆಚ್ಚುಕಡಿಮೆ ಎರಡು ಶತಮಾನ ಆಗಿತ್ತು. ಸರ್ ವಾಲ್ಟರ್ ಸ್ಕಾಟ್ ಮುಂದೆ ನಿಂತು ಸಮಾರಂಭವನ್ನು ರೂಪಿಸಿದರು. ಕಿನ್ನೂಲ್ ಅರ್ಲ್ ಲಯನ್ ಪೋಷಾಕಿನಲ್ಲಿ ಮೆರವಣಿಗೆಯಲ್ಲಿ ಸಾಗಿದರು. ಸೇರಿದ ಜನ ಕಂಡದ್ದು ಆ ವೈಭವವನ್ನು. ಕಚೇರಿಯೊಳಗೆ ಅರ್ಜಿ ಯಾರು ಓದುತ್ತಾರೆ, ವಂಶಾವಳಿ ಯಾರು ತಾಳೆ ನೋಡುತ್ತಾರೆ ಎಂಬುದು ಯಾರ ಕಣ್ಣಿಗೂ ಬೀಳುವ ವಿಷಯ ಆಗಿರಲಿಲ್ಲ. ಸಂಸ್ಥೆಯೊಂದು ಒಳಗೆ ಬಡವಾಗುತ್ತಿರುವಾಗಲೂ ಹೊರಗೆ ಮೆರೆಯಬಲ್ಲದು ಎಂಬುದಕ್ಕೆ ಆ ವರ್ಷ ಸಾಕ್ಷಿ.

ಆದರೂ 1672ರ ಪುಸ್ತಕ ನಿಲ್ಲಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಚೇರಿಯ ಯಜಮಾನ ಬರಲಿ ಬಿಡಲಿ, ಡೆಪ್ಯುಟ್‌ಗಳೂ ಗುಮಾಸ್ತರೂ ನಮೂದು ಮಾಡುತ್ತಲೇ ಹೋದರು. ಮುಂದಿನ ಸುಧಾರಣೆಗೆ ಕಾಲೂರಲು ನೆಲ ಸಿಕ್ಕಿದ್ದು ಇದರಿಂದಲೇ. ಪುಸ್ತಕವೂ ನಿಂತಿದ್ದರೆ 1867ರಲ್ಲಿ ಸರಿಪಡಿಸಲು ಏನೂ ಉಳಿದಿರುತ್ತಿರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

1867ರಲ್ಲಿ ಮಾಡಿದ್ದೇನು

ಹೊತ್ತು ಕೂಡಿಬಂದಿತ್ತು. 19ನೇ ಶತಮಾನದ ನಡುವಿನಲ್ಲಿ ಬ್ರಿಟನ್ನಿನ ಆಡಳಿತದಲ್ಲೆಲ್ಲ ಕೆಲಸವಿಲ್ಲದ ಪದವಿಗಳನ್ನು ಕಿತ್ತುಹಾಕುವ ಗಾಳಿ ಬೀಸುತ್ತಿತ್ತು. ಜೊತೆಗೆ ಸ್ಕಾಟ್ಲೆಂಡಿನ ವಿದ್ವಾಂಸರಲ್ಲಿ ಹಳೆಯ ದಾಖಲೆಗಳ ಬಗ್ಗೆ ಹೊಸ ಶ್ರದ್ಧೆ ಹುಟ್ಟಿತ್ತು. 1863ರಲ್ಲಿ ಜಾರ್ಜ್ ಸೀಟನ್ ಎಂಬ ವಕೀಲರು ಸ್ಕಾಟ್ಲೆಂಡಿನ ಲಾಂಛನ ಕಾನೂನಿನ ಬಗ್ಗೆಯೇ ದೊಡ್ಡ ಗ್ರಂಥ ಹೊರತಂದರು. ಆ ವಿಷಯವನ್ನು ಜರಿಪೋಷಾಕಿನ ವಿನೋದವಾಗಿ ನೋಡದೆ ಕಾನೂನಿನ ಒಂದು ಶಾಖೆಯಾಗಿ ನೋಡುವ ಜನ ತಯಾರಾಗಿದ್ದರು.

ಅರ್ಲ್ ತೀರಿಕೊಂಡ ವರ್ಷವೇ ಜಾರ್ಜ್ ಬರ್ನೆಟ್ ಲಾರ್ಡ್ ಲಯನ್ ಆದರು. ಈ ನೇಮಕವೇ ಅರ್ಧ ಸುಧಾರಣೆ ಎನ್ನಬೇಕು. ಬರ್ನೆಟ್ ವಕೀಲರು. ಅರ್ಲ್ ಬದುಕಿದ್ದಾಗಲೇ ಲಯನ್ ಡೆಪ್ಯುಟ್ ಆಗಿ ಕಚೇರಿಯ ಒಳಹೊರಗನ್ನು ಕಂಡವರು. 70 ವರ್ಷದ ಹಿಂದೆ ಬಾಸ್‌ವೆಲ್‌ಗೆ ದಕ್ಕದಿದ್ದ ಕುರ್ಚಿ ಈ ಸಲ ಕೆಲಸ ಬಲ್ಲವನಿಗೇ ದಕ್ಕಿತು. ಹಳೆಯ ಲಿಪಿ, ಹಳೆಯ ಲೆಕ್ಕಪತ್ರ ಓದುವುದರಲ್ಲಿ ಅವರು ನುರಿತವರು. ಸ್ಕಾಟ್ಲೆಂಡಿನ ಅರಸರ ಖಜಾನೆಯ ಹಳೆಯ ಲೆಕ್ಕದ ಸುರುಳಿಗಳನ್ನು ಸಂಪಾದಿಸಿ ಅಚ್ಚು ಹಾಕಿಸುವ ಭಾರೀ ಕೆಲಸದಲ್ಲೂ ಮುಂದೆ ಅವರ ಪಾಲು ದೊಡ್ಡದು.

ಉಳಿದರ್ಧ ಕಾಯ್ದೆಯದ್ದು. ಶುಲ್ಕ ಇನ್ನು ಸರ್ಕಾರದ ಖಜಾನೆಗೆ, ಲಯನ್‌ಗೂ ಕಚೇರಿಯ ದಾಖಲೆ ಕಾಯುವ ಲಯನ್ ಕ್ಲರ್ಕ್‌ಗೂ ಸರ್ಕಾರದಿಂದ ಸಂಬಳ ಎಂದಾಯಿತು. ಡೆಪ್ಯುಟ್ ಇಟ್ಟುಕೊಂಡು ತಾನು ಊರಲ್ಲಿರುವ ಪದ್ಧತಿ ಮುಗಿಯಿತು. ಲಯನ್ ತಾನೇ ಕೂತು ಕೆಲಸ ಮಾಡಬೇಕು. ಆರಾರು ಇದ್ದ ಹೆರಾಲ್ಡ್, ಪರ್ಸಿವಂಟ್‌ಗಳ ಸಂಖ್ಯೆ ಮೂರು ಮೂರಕ್ಕೆ ಇಳಿಯಿತು. ಹಳೆಯ ಹೆಸರುಗಳನ್ನು ಮಾತ್ರ ಕೈಬಿಡಲಿಲ್ಲ. ಇವತ್ತಿಗೂ ಆ ಹನ್ನೆರಡರಲ್ಲಿ ಯಾವುದಾದರೂ ಹೆಸರನ್ನು ಆರಿಸಿ ಹೊಸ ಅಧಿಕಾರಿಗೆ ಕೊಡುತ್ತಾರೆ.

ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ಕಾಯ್ದೆ ಮಾಡಿದವರು ಹುದ್ದೆಯ ಅಧಿಕಾರವನ್ನು ಮೊಟಕು ಮಾಡಲಿಲ್ಲ. 1592 ಮತ್ತು 1672ರ ಕಾನೂನುಗಳನ್ನು ಹಾಗೆಯೇ ಬಿಟ್ಟರು. ದಂಡ, ಜಪ್ತಿ ಎಲ್ಲ ಹಾಗೆಯೇ ಉಳಿದವು. ಲಾಂಛನಗಳ ವ್ಯಾಜ್ಯವನ್ನು ಲಯನ್ ವಿಚಾರಿಸುವ ‘ಲಯನ್ ಕೋರ್ಟು’ ಕೋರ್ಟಾಗಿಯೇ ಉಳಿಯಿತು, ತನ್ನದೇ ಅಭಿಯೋಜಕ ಸಹಿತ. ಬದಲಾಯಿಸಿದ್ದು ಅಧಿಕಾರ ಹಿಡಿದವರ ಹೊಟ್ಟೆಪಾಡಿನ ದಾರಿಯನ್ನು ಮಾತ್ರ. ಸುಧಾರಕರು ಸಾಮಾನ್ಯವಾಗಿ ಹಳೆಯದೆಲ್ಲ ಕೊಳೆತದ್ದೆಂದು ಬುಡಸಮೇತ ಕಿತ್ತು ಹಾಕುತ್ತಾರೆ, ಇಲ್ಲವೇ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಎರಡೂ ಆಗಲಿಲ್ಲ. ಸಂಬಳ ತಿಂಗಳಿಗೆ ಬರುವವನಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯ ತಾನಾಗಿ ಬರುತ್ತದೆ ಎಂಬ ಸರಳ ಲೆಕ್ಕದ ಮೇಲೆ ನಡೆದರು.

ಆಮೇಲೆ

ಬರ್ನೆಟ್ 1890ರಲ್ಲಿ ತೀರಿಕೊಳ್ಳುವವರೆಗೂ ಲಯನ್ ಆಗಿದ್ದರು. ಆಮೇಲೆ ಬಂದ ಜೇಮ್ಸ್ ಬಾಲ್ಫರ್ ಪಾಲ್ ಕೂಡ ವಕೀಲರು. ಅವರು 1926ರವರೆಗೆ ಇದ್ದರು. 1893ರಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಸುಧಾರಣೆಯ ಫಲ ಕೈಗೆ ಸಿಗುತ್ತದೆ.

1672ರ ಪುಸ್ತಕವನ್ನು ಗುರಾಣಿಯ ಆಕೃತಿಯ ಕ್ರಮದಲ್ಲಿ ಜೋಡಿಸಿರಲಿಲ್ಲ. ಹೆಸರು ಗೊತ್ತಿದ್ದರೆ ಗುರಾಣಿ ಹುಡುಕಬಹುದು. ಗುರಾಣಿಯೊಂದು ಕಣ್ಣಿಗೆ ಬಿದ್ದು ‘ಇದು ಯಾರದ್ದು?’ ಎಂದು ಕೇಳಿದರೆ ಸಂಪುಟಗಳನ್ನೆಲ್ಲ ತಿರುವಬೇಕು. ಬಾಲ್ಫರ್ ಪಾಲ್ ಅದುವರೆಗಿನ ಎಲ್ಲ ನಮೂದುಗಳನ್ನು ಆಕೃತಿಯ ಪ್ರಕಾರ ವಿಂಗಡಿಸಿ ಸೂಚಿಯಾಗಿ ಅಚ್ಚು ಹಾಕಿಸಿದರು. ಸಿಂಹಗಳೆಲ್ಲ ಒಂದು ಕಡೆ, ಹದ್ದುಗಳೆಲ್ಲ ಒಂದು ಕಡೆ, ಅಡ್ಡಪಟ್ಟಿ, ಓರೆಪಟ್ಟಿ, ಶಿಲುಬೆ ಎಲ್ಲ ಬೇರೆಬೇರೆ. ಹೊಸ ಅರ್ಜಿ ಬಂದಾಗ ಅದೇ ಗುರಾಣಿ ಈಗಾಗಲೇ ಯಾರ ಹೆಸರಿನಲ್ಲಾದರೂ ಇದೆಯೇ ಎಂದು ಕೂತ ಕಡೆಯಲ್ಲೇ ಹೇಳಬಹುದಾಯಿತು. ಹೊರಗಿನವರೂ ಅದನ್ನು ಕೊಂಡು ಓದಿ ತಾವೇ ತಾಳೆ ನೋಡಬಹುದಾಯಿತು. ಶುಲ್ಕದ ಮೇಲೆ ಬದುಕುವ ಕಚೇರಿಗೆ ತನ್ನ ಒಳಗಿನ ಪುಸ್ತಕವನ್ನು ಹೀಗೆ ತೆರೆದಿಡುವ ಮನಸ್ಸು ಬರುತ್ತಿತ್ತೇ? ನನಗೆ ಅನುಮಾನ. ಗುಟ್ಟಾಗಿದ್ದಷ್ಟೂ ಹುಡುಕಾಟಕ್ಕೆ ದುಡ್ಡು.

1945ರಿಂದ 1969ರವರೆಗೆ ಲಯನ್ ಆಗಿದ್ದ ಲರ್ನಿಯ ಥಾಮಸ್ ಇನ್ಸ್ ಈ ಹುದ್ದೆಯ ಬಗ್ಗೆ ಅಪಾರ ಅಭಿಮಾನ ಇಟ್ಟುಕೊಂಡಿದ್ದವರು. ಗೇಲಿಕ್ ಅರಸರ ಕಾಲದ ವಂಶಾವಳಿ ಹೇಳುವ ರಾಜಕವಿಯ ಸ್ಥಾನವೇ ಮುಂದೆ ಲಯನ್ ಆಯಿತು ಎಂಬುದು ಅವರ ವಾದ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿಲ್ಲ.

ಹುದ್ದೆಯ ಮೇರೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಇನ್ಸ್ ಆ ಕುರ್ಚಿಗೆ ಬರುವ ಮೊದಲೇ ಉಚ್ಚ ನ್ಯಾಯಾಲಯಕ್ಕೆ ಹೋಗಿತ್ತು. ಆರ್ಡ್‌ಗವರ್‌ನ ಮ್ಯಾಕ್ಲೀನ್ ಮನೆತನದ ವ್ಯಾಜ್ಯದಲ್ಲಿ 1941ರಲ್ಲಿ ಬಂದ ತೀರ್ಪು, ಕುಲದ ಮುಖ್ಯಸ್ಥ ಯಾರು ಎಂಬ ಬರೀ ಆ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ಲಯನ್ ಕೋರ್ಟಿಗೆ ಇಲ್ಲ ಎಂದಿತು. ಗುರಾಣಿ ಯಾರಿಗೆ ಸೇರಬೇಕೆಂದು ಲಯನ್ ಹೇಳಬಹುದು. ಮುಖ್ಯಸ್ಥಿಕೆ ಅದರ ಜೊತೆಗೆ ಬಂದರೆ ಬರಲಿ, ಅದನ್ನೇ ಬಿಡಿಯಾಗಿ ವಿಚಾರಿಸುವಂತಿಲ್ಲ. ಗಡಿ ಎಲ್ಲಿದೆ ಎಂದು ಗೊತ್ತಾದ ಅಧಿಕಾರಕ್ಕೆ ಗಡಿಯ ಒಳಗೆ ಬಲ ಹೆಚ್ಚು. ಈ ತೀರ್ಪಿನಿಂದ ಕಚೇರಿಗೆ ನಷ್ಟ ಆಯಿತೆಂದು ನಾನು ಭಾವಿಸುವುದಿಲ್ಲ.

ಆ ಬಲ ಈಗಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ಕಾಲದ ಉದಾಹರಣೆಗಳಿವೆ. ಅಬರ್ಡೀನ್‌ಶೈರ್‌ನಲ್ಲಿ ಗಾಲ್ಫ್ ಮೈದಾನ ಕಟ್ಟಲು ಹೊರಟಿದ್ದ ಅಮೆರಿಕದ ಉದ್ಯಮಿ ಡೊನಾಲ್ಡ್ ಟ್ರಂಪ್ ಅವರ ಸಂಸ್ಥೆ ನೋಂದಣಿ ಇಲ್ಲದ ಲಾಂಛನವನ್ನು ಪ್ರಚಾರಕ್ಕೆ ಬಳಸಿದಾಗ 2008ರಲ್ಲಿ ಎಚ್ಚರಿಕೆ ಹೋಯಿತು. 2012ರಲ್ಲಿ ಅವರ ಸಂಸ್ಥೆ ಕ್ರಮಬದ್ಧವಾಗಿ ಹೊಸ ಲಾಂಛನ ಪಡೆಯಿತು. ‘ಎಂದೂ ಬಿಟ್ಟುಕೊಡಬೇಡ’ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯ, ಗಾಲ್ಫ್ ಚೆಂಡು ಹಿಡಿದ ಹದ್ದು ಅದರಲ್ಲಿವೆ. ಕಳೆದ ದಶಕದಲ್ಲಿ ಏರ್ ಯುನೈಟೆಡ್ ಎಂಬ ಫುಟ್‌ಬಾಲ್ ಕ್ಲಬ್ಬೂ ನೋಂದಣಿಯಾಗದ ತನ್ನ ಗುರಾಣಿಯ ಚಿಹ್ನೆಯನ್ನು ಬಿಟ್ಟು ಹೊಸದನ್ನು ಮಾಡಿಸಿಕೊಳ್ಳಬೇಕಾಯಿತು. ಹಣವಂತರ ಕಂಪನಿಗಾಗಲಿ, ಸಣ್ಣ ಊರಿನ ಕ್ಲಬ್ಬಿಗಾಗಲಿ ಅನ್ವಯಿಸಿದ್ದು ಒಂದೇ ಹಳೆಯ ಕಾನೂನು. ಅಭಿಮಾನಿಗಳು ಮನಸಾರೆ ಪ್ರೀತಿಸುವ ಚಿಹ್ನೆಯನ್ನು ಶತಮಾನಗಳ ಹಿಂದಿನ ಕಾನೂನು ಹಿಡಿದು ತೆಗೆಸುವುದು ಅತಿಯಾಯಿತು ಎನ್ನುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕದಲ್ಲಿ ಹೆಸರಿಲ್ಲದವರೂ ಗುರಾಣಿ ಹಾಕಿಕೊಳ್ಳಬಹುದು ಎಂದಾದ ದಿನ, ಪುಸ್ತಕದಲ್ಲಿ ಹೆಸರಿರುವವರ ಹಕ್ಕಿಗೆ ಬೆಲೆ ಇರುವುದಿಲ್ಲ.

ಕಚೇರಿ ಈಗ ಎಡಿನ್‌ಬರೋದ ನ್ಯೂ ರಿಜಿಸ್ಟರ್ ಹೌಸ್‌ನಲ್ಲಿದೆ. ಹಳೆಯ ರಾಜಕಾರ್ಯಗಳೂ ನಿಂತಿಲ್ಲ. 2022ರ ಸೆಪ್ಟೆಂಬರ್ 11ರಂದು ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದುದನ್ನು ಎಡಿನ್‌ಬರೋದಲ್ಲಿ ಸಾರ್ವಜನಿಕ ಘೋಷಣೆಗಳಿಗೆಂದೇ ಇರುವ ಹಳೆಯ ಕಟ್ಟೆ ಮರ್ಕ್ಯಾಟ್ ಕ್ರಾಸ್ ಮೇಲೆ ನಿಂತು ಸಾರಿದವರು ಆಗಿನ ಲಯನ್ ಜೋಸೆಫ್ ಮೋರೊ.

1867ರವರು ಬಿಡಿಸದೆ ಬಿಟ್ಟ ಗಂಟು ಒಂದಿದೆ, ಅದನ್ನು ಹೇಳದಿದ್ದರೆ ಈ ಅಧ್ಯಯನ ಪೂರ್ತಿ ಆಗುವುದಿಲ್ಲ. ಹೊಸ ಲಾಂಛನ ಕೊಡುವುದು ದೊರೆಯ ಪರವಾಗಿ ಮಾಡುವ ಆಡಳಿತದ ಕೆಲಸ. ಇರುವ ಲಾಂಛನ ಯಾರದ್ದೆಂದು ಹೇಳುವುದು ನ್ಯಾಯ ಹೇಳುವ ಕೆಲಸ. ಎರಡೂ ಇವತ್ತಿಗೂ ಒಬ್ಬರ ಕೈಯಲ್ಲೇ ಇವೆ. ಶುಲ್ಕ ಖಜಾನೆಗೆ ಹೋಗುವುದರಿಂದ ಜೇಬಿನ ಆಸೆ ಇಲ್ಲ, ನಿಜ. ತೀರ್ಪು ಒಪ್ಪದವರು ಮೇಲ್ಮನವಿಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು, ಅದೂ ನಿಜ. ಆದರೆ ತಾನೇ ಕೊಟ್ಟ ಲಾಂಛನದ ಬಗ್ಗೆ ತಕರಾರು ಬಂದಾಗ ತಾನೇ ನ್ಯಾಯಾಧೀಶನಾಗಿ ಕೂರುವುದು ಈಗಿನ ನ್ಯಾಯಕಲ್ಪನೆಗೆ ಸುಲಭವಾಗಿ ಒಗ್ಗುವ ಮಾತಲ್ಲ. ಇವೆರಡನ್ನೂ ಬೇರೆ ಮಾಡಬೇಕಾಗಿ ಬಂದರೆ, 1867ರಲ್ಲಿ ಮಾಡಿದಂತೆ ಪುಸ್ತಕಕ್ಕೂ ಹಳೆಯ ಕಾಯ್ದೆಗಳಿಗೂ ಕೈ ಹಚ್ಚದೆ ಅಷ್ಟನ್ನು ಮಾತ್ರ ಮಾಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.